ಹೋಗ್ಲಿ ಬಿಡಿ

ಕನ್ನಡದಲ್ಲಿ ನನಗೆ ಆಗದ ಮಾತು ಒಂದೇ ಒಂದು. ‘ಹೋಗ್ಲಿ ಬಿಡಿ.’

ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಮೇಷ್ಟ್ರು ಹೀಗೆಲ್ಲ ಹೇಳಬಾರದು. ಆದರೆ ಚಿಕ್ಕಂದಿನಲ್ಲಿ ಪೋಲಿಯೊ ಬಂದು ಎಡಗಾಲು ಸಣಕಲಾದ ದಿನದಿಂದ ಈ ಮಾತು ನನ್ನ ಬೆನ್ನು ಬಿಟ್ಟಿಲ್ಲ. ಖೋಖೋಗೆ ನಿಂತರೆ, “ಹೋಗ್ಲಿ ಬಿಡು, ನೀನು ಸೀಟಿ ಊದು.” ಸೈಕಲ್ ಹತ್ತಲು ಹೋದರೆ, “ಹೋಗ್ಲಿ ಬಿಡು, ಕ್ಯಾರಿಯರ್ ಮೇಲೆ ಕೂತ್ಕೋ.” ನನ್ನದೇ ಮದುವೆಯ ಮೆರವಣಿಗೆಯಲ್ಲಿ ಎರಡು ಹೆಜ್ಜೆ ಕುಣಿಯೋಣವೆಂದರೆ ಮಾವನವರು, “ಹೋಗ್ಲಿ ಬಿಡಿ ಅಳಿಯಂದ್ರೆ” ಎಂದು ಕುರ್ಚಿ ತರಿಸಿದರು! ಎಲ್ಲರೂ ಕುಣಿದರು. ಮದುಮಗ ಕೂತು ನೋಡಿದ. ಆ ಕುರ್ಚಿ ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಮನೆಯೊಳಗೆ ಮಾತ್ರ ಅದೇ ಮಾತು ಬಹಳ ಹಿತ. ಗೋಪಾಳ ಬಡಾವಣೆಯ ನಮ್ಮ ಮನೆಗೆ ಗ್ಯಾಸ್ ಸಿಲಿಂಡರ್ ಬಂದಾಗ, ಅಟ್ಟದಿಂದ ಪಾತ್ರೆ ಇಳಿಸಬೇಕಾದಾಗ, ನಾನು ಕಾಲಿಗೆ ಕಟ್ಟಿದ ಕಬ್ಬಿಣದ ಕ್ಯಾಲಿಪರ್ ಮೇಲೆ ಕೈಯಿಟ್ಟು ಸಣ್ಣಗೆ ನರಳುತ್ತೇನೆ. ಹೆಂಡತಿ ಗಿರಿಜಾ, “ಹೋಗ್ಲಿ ಬಿಡಿ, ನಾನೇ ಮಾಡ್ಕೋತೀನಿ” ಎನ್ನುತ್ತಾಳೆ. ಸಂಸಾರ ಹೀಗೆ ಸುಗಮವಾಗಿ ಸಾಗಿತ್ತು.

ಒಂದು ಭಾನುವಾರ ಭದ್ರಾವತಿಯ ಓಲ್ಡ್ ಟೌನಿನಲ್ಲಿರುವ ಬಾಮೈದ ಶಿವುವಿನ ಮನೆಗೆ ಊಟಕ್ಕೆ ಹೋದೆವು. ಊರಾಚೆಯ ಕೆರೆಗೆ ಯಾರೋ ಜಿಪ್‌ಲೈನ್ ಹಾಕಿದ್ದಾರಂತೆ. ಈ ದಡದ ಗುಡ್ಡದಿಂದ ಆ ದಡಕ್ಕೆ ತಂತಿ. ಸೊಂಟಕ್ಕೆ ಪಟ್ಟಿ ಬಿಗಿದು, ತಂತಿಗೆ ನೇತುಹಾಕಿ ಜಾರಿಸಿಬಿಡುತ್ತಾರೆ!

“ಸಂಜೆ ನಾನು ಹೋಗ್ತೀನಿ” ಎಂದ ಶಿವು, ಹೋಳಿಗೆ ಮುರಿಯುತ್ತಾ.

“ನಾನೂ ಬರ್ತೀನಿ.”

“ನೀವಾ ಭಾವ? ಹೋಗ್ಲಿ ಬಿಡಿ, ನಿಮಗ್ಯಾಕೆ ಅದೆಲ್ಲ. ಕೆಳಗೆ ನಿಂತು ಫೋಟೋ ತೆಗೀರಿ.”

ಕೈಯಲ್ಲಿದ್ದ ಹೋಳಿಗೆಯನ್ನು ಎಲೆಗೆ ಕುಕ್ಕಿದೆ. “ಏನಯ್ಯಾ ಶಿವು, ನೀನು ಬರೀ ಕಬ್ಬಿಣದ ಊರು ಭದ್ರಾವತೀಲಿ ಹುಟ್ಟಿದೋನು. ನನ್ನ ಕಾಲಲ್ಲಿ ಕಬ್ಬಿಣಾನೇ ಇದೆ!” ಎಂದು ಗುಡುಗಿದೆ.

“ರೀ, ಮೊನ್ನೆ ರಾಗಿಗುಡ್ಡಕ್ಕೆ ಹೋದಾಗ ಆಟೋದಿಂದಾನೇ ಇಳೀಲಿಲ್ಲ ನೀವು” ಎಂದಳು ಗಿರಿಜಾ. ವೀರರು ಇಂಥ ಮಾತಿಗೆಲ್ಲ ಕಿವಿಗೊಡಬಾರದು.

ಜಾರುವುದಕ್ಕೆ ಕಾಲು ಬೇಕಿಲ್ಲ ಎಂಬುದು ನನ್ನ ಸಿದ್ಧಾಂತ. ಜಾರುವ ಮೊದಲು ಹತ್ತಬೇಕು ಎಂಬ ಸಣ್ಣ ಅಂಶ ಅದರಲ್ಲಿ ಬಿಟ್ಟುಹೋಗಿತ್ತು. ಗಿರಿಜಾಳನ್ನು ಆಚೆ ದಡಕ್ಕೆ ಕಳಿಸಿ, ಶಿವುವಿನ ಹೆಗಲು ಹಿಡಿದು ಗುಡ್ಡದ ಮೆಟ್ಟಿಲು ಹತ್ತಿದೆ. ಅಂಗಿ ಹಿಂಡಿದರೆ ಬಿಂದಿಗೆ ತುಂಬುವಷ್ಟು ಬೆವರು! ಮೇಲೆ ದಪ್ಪ ಮೀಸೆಯವನೊಬ್ಬ ನಿಂತಿದ್ದ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

“ಸಾರ್, ಆ ಕಬ್ಬಿಣ ಬಿಚ್ಚಿಡಿ. ಕೆರೆಗೆ ಬಿದ್ರೆ ಮೀನಿಗೆ ಏನು ಉಪಯೋಗ?”

ಕ್ಯಾಲಿಪರ್ ಬಿಚ್ಚಿ ಶಿವುವಿನ ಕೈಗೆ ಕೊಟ್ಟೆ. ಮೀಸೆಯವನು ಪಟ್ಟಿ ಬಿಗಿದು, ನನ್ನನ್ನು ತಂತಿಗೆ ನೇತುಹಾಕಿ, ಬೆನ್ನ ಹಿಂದೆ ಹಿಡಿದುಕೊಂಡ. ಆಗ ನಾನು ಕೆಳಗೆ ನೋಡಿದೆ. ಕೆರೆ ಅಷ್ಟು ಕೆಳಗಿರುತ್ತದೆಂದು ಯಾರೂ ಹೇಳಿರಲಿಲ್ಲ!

ಮರ್ಯಾದೆಯಿಂದ ಹಿಂದೆ ಸರಿಯುವುದೇ ಜಾಣತನ ಎಂದು ತೀರ್ಮಾನಿಸಿದೆ. ಸರಿಯಾಗಿ ಅದೇ ಹೊತ್ತಿಗೆ ಮೀಸೆಯವನು ಕೇಳಿದ, “ಬಿಡ್ಲಾ ಸಾರ್?”

ಇವತ್ತು ಬೇಡ, ಇನ್ನೊಮ್ಮೆ ನೋಡೋಣ ಎಂಬ ಅರ್ಥದಲ್ಲಿ, ತುಂಬ ಗಾಂಭೀರ್ಯದಿಂದ, ಜನ್ಮದಲ್ಲಿ ಮೊದಲ ಸಲ ಆ ಮಾತನ್ನು ನಾನೇ ಆಡಿದೆ.

“ಹೋಗ್ಲಿ ಬಿಡಿ.”

ಬಿಟ್ಟ!

ಅಲ್ಪವಿರಾಮ ಹಾಕದ ಮಕ್ಕಳಿಗೆ ನಾನು ಅಂಕ ಕಳೆಯುತ್ತಿದ್ದೆ. ‘ಹೋಗ್ಲಿ ಬಿಡಿ’ ಬೇರೆ, ‘ಹೋಗ್ಲಿ, ಬಿಡಿ’ ಬೇರೆ ಎಂದು ಮೀಸೆಯವನಿಗೆ ವಿವರಿಸಲು ಬಾಯಿ ತೆರೆದೆ. ಹೊರಬಂದದ್ದು “ಅವ್ವಾ!” ಒಂದೇ. ಕಣ್ಣು ಮುಚ್ಚಿ, ಗೊತ್ತಿದ್ದ ದೇವರನ್ನೆಲ್ಲ ಕರೆದೆ. ಗಾಳಿ ಕಿವಿಯಲ್ಲಿ ಸುಂಯ್ ಎಂದಿತು. ಆಮೇಲೆ ನಿಧಾನವಾಯಿತು. ಆಮೇಲೆ ನಿಂತೇಹೋಯಿತು. ನನ್ನ ಭಾರ ಸಾಲದೆ ನಾನು ಕೆರೆಯ ನಟ್ಟನಡುವೆ, ಒಣಗಲು ಹಾಕಿದ ಪಂಚೆಯಂತೆ ನೇತಾಡುತ್ತಿದ್ದೆ.

ಆಚೆ ದಡದಿಂದ ಗಿರಿಜಾಳ ಕೂಗು ಕೇಳಿಸಿತು. “ರೀ! ಬಿಡ್ರೀ! ಬಿಡ್ರೀ!”

“ಇನ್ನೇನು ಬಿಡೋದು ಮಾರಾಯ್ತಿ? ಪ್ರಾಣ ಒಂದೇ ಬಾಕಿ!”

“ಕಣ್ಣು! ಕಣ್ಣು ಬಿಡ್ರೀ!”

ಬಿಟ್ಟೆ. ಕೆಳಗೆ ಕೆರೆ ಸಂಜೆಯ ಬಿಸಿಲಿಗೆ ಹೊಳೆಯುತ್ತಿತ್ತು. ಬಿಳಿ ಕೊಕ್ಕರೆಯೊಂದು ನನಗಿಂತ ಕೆಳಗೆ ಹಾರಿಹೋಯಿತು. ನನ್ನ ಕಾಲುಗಳನ್ನು ನೋಡಿಕೊಂಡೆ. ಎರಡೂ ಸುಮ್ಮನೆ ತೂಗುತ್ತಿದ್ದವು. ಅಲ್ಲಿ ಊರಲು ನೆಲವೇ ಇರಲಿಲ್ಲವಾದ್ದರಿಂದ, ಯಾವುದು ಗಟ್ಟಿ, ಯಾವುದು ಸಣಕಲು ಎಂದು ಕೇಳುವವರೂ ಇರಲಿಲ್ಲ. ನನಗೆ ಅಳು ಬಂತು. ಹೆದರಿಕೆಗಲ್ಲ, ಖುಷಿಗೆ. ಮದುವೆಯ ದಿನ ಕುಣಿಯದೆ ಉಳಿದಿದ್ದ ಹೆಜ್ಜೆಗಳು ನೆನಪಾಗಿ, ಯಾರಿಗೂ ಕಾಣದಂತೆ ಎರಡು ಕಾಲನ್ನೂ ಸ್ವಲ್ಪ ಕುಣಿಸಿದೆ.

ಎಲ್ಲರಿಗೂ ಕಂಡಿತಂತೆ! “ಅಯ್ಯೋ, ಒದ್ದಾಡ್ತಿದಾರೆ, ಬೇಗ ಎಳೀರಿ!” ಎಂದು ಯಾರೋ ಕೂಗಿದರು. ಹಗ್ಗ ಹಾಕಿ, ಬಾವಿಯಿಂದ ಕೊಡ ಸೇದುವಂತೆ ನನ್ನನ್ನು ದಡಕ್ಕೆ ಎಳೆದರು.

ಸ್ವಲ್ಪ ಹೊತ್ತಿಗೆ ಶಿವು ಬಂದ. ತಂತಿಯ ಮೇಲಲ್ಲ, ಮೆಟ್ಟಿಲಿಳಿದು ಕೆರೆ ಏರಿಯ ಮೇಲೆ ನಡೆದುಕೊಂಡು. “ನಿಮ್ಮ ಕ್ಯಾಲಿಪರ್ ತರಬೇಕಿತ್ತಲ್ಲ ಭಾವ, ಅದಕ್ಕೇ” ಎಂದ. ಜೊತೆಗೆ ಬಂದ ಮೀಸೆಯವನು ಗುಂಪಿಗೆಲ್ಲ ಸಾರಿದ, “ಎಂಥಾ ಗುಂಡಿಗೆ ಅಂತೀನಿ! ಬೇರೆಯವರು ಬೇಡ ಬೇಡ ಅಂತ ಕಂಬ ತಬ್ಕೋತಾರೆ. ಬಿಡ್ಲಾ ಅಂದ್ರೆ ಇವರು ರಾಜನ ಥರ, ‘ಹೋಗ್ಲಿ, ಬಿಡಿ’ ಅಂದ್ರು!”

ಚಪ್ಪಾಳೆಯೋ ಚಪ್ಪಾಳೆ! ಅಲ್ಪವಿರಾಮದ ವಿಷಯ ಎತ್ತಲು ಅದು ತಕ್ಕ ಸಮಯವಾಗಿರಲಿಲ್ಲ. ಗಿರಿಜಾ ಮಾತ್ರ ಚಪ್ಪಾಳೆ ತಟ್ಟದೆ ನನ್ನ ಮುಖವನ್ನೇ ನೋಡುತ್ತಿದ್ದಳು. ಕಟ್ಟಿಕೊಂಡವಳಿಗೆ ಗಂಡನ ಧ್ವನಿಯಲ್ಲಿರುವ ಅಲ್ಪವಿರಾಮವೂ ಗೊತ್ತಿರುತ್ತದೆ.

ಮರುದಿನ ಬೆಳಿಗ್ಗೆ ಅವಳು ಅಟ್ಟಕ್ಕೆ ಏಣಿ ಹಾಕಿದಳು.

“ದೊಡ್ಡ ಕೊಪ್ಪರಿಗೆ ಇಳಿಸ್ರೀ.”

ನಾನು ಕ್ಯಾಲಿಪರ್ ಮೇಲೆ ಕೈಯಿಟ್ಟು ನರಳಿದೆ. ಆ ಹಿತವಾದ ಮಾತಿಗೆ ಕಾದೆ. ಬರಲಿಲ್ಲ.

“ಕೆರೆ ದಾಟಿದೋರಿಗೆ ಅಟ್ಟ ಯಾವ ಲೆಕ್ಕ? ಹತ್ತಿ, ನಾನು ಏಣಿ ಹಿಡ್ಕೋತೀನಿ.”

ಅರ್ಧ ಹತ್ತುವಷ್ಟರಲ್ಲಿ ಏಣಿ ಅಲುಗಿತು. ನನ್ನ ಬಾಯಿಂದ ತಾನಾಗಿ ಹೊರಟಿತು, “ಗಿರಿಜಾ, ಇದೊಂದು ಸಲ ಹೋಗ್ಲಿ...”

ಕೆಳಗಿನಿಂದ ತಣ್ಣಗೆ ಕೇಳಿದಳು, “ಬಿಡ್ಲಾ?”

ಬಾಯಿ ಮುಚ್ಚಿಕೊಂಡು ಹತ್ತಿದೆ.