ಇಡೀ ಬೀದಿಯ ಓಟಿಪಿ ನನ್ನ ಜೇಬಿನಲ್ಲಿ

ಕೊಡುಗೈ ದೊಡ್ಡ ಗುಣವೆಂದು ಹೇಳಿಕೊಟ್ಟವರು ಯಾರೋ, ಅವರು ಸಿಕ್ಕಿದರೆ ನಾನು ಎರಡು ಮಾತು ಕೇಳುವುದಿದೆ. ನಮ್ಮ ಬೀದಿಯಲ್ಲಿ ಉದ್ದನೆಯ ಏಣಿ ಇರುವುದು ಒಂದೇ ಮನೆಯಲ್ಲಿ. ಶಾವಿಗೆ ಒತ್ತುವ ಮಣೆ ಇನ್ನೊಂದು ಮನೆಯದು, ಹಬ್ಬದ ಅಡುಗೆಗೆ ಬೇಕಾದ ದೊಡ್ಡ ಹಿತ್ತಾಳೆ ಪಾತ್ರೆ ಮತ್ತೊಂದು ಮನೆಯದು. ಬೇಕಾದವರು ಒಯ್ಯುತ್ತಾರೆ, ನೆನಪಾದಾಗ ತಂದಿಡುತ್ತಾರೆ. ನಮ್ಮ ಮನೆಯಿಂದ ಎರವಲು ಹೋದದ್ದು ಒಂದೇ ವಸ್ತು, ನನ್ನ ಫೋನ್ ನಂಬರು. ಏಣಿಯಾದರೆ ಕಾಲು ಮುರಿದುಕೊಂಡಾದರೂ ವಾಪಸ್ಸು ಬರುತ್ತದೆ. ನಂಬರು ಹೋದದ್ದು ಹೋದಂತೆಯೇ.

ನಾನು ದೂರವಾಣಿ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವನು. ಚಳ್ಳಕೆರೆಯಿಂದ ಮೊಳಕಾಲ್ಮೂರಿನವರೆಗೆ ನಾನು ಹತ್ತದ ಕಂಬವಿಲ್ಲ. ಆ ದಾರಿಯಲ್ಲೇ ಇರುವ ನಮ್ಮೂರಿನ ಈ ಬೀದಿಗೆ ಮೊದಲ ಫೋನು ಬಂದದ್ದೂ ನಮ್ಮ ಮನೆಗೇ. ಆಗೆಲ್ಲ ಫೋನಿಲ್ಲದವರು ಮದುವೆ ಕಾಗದದಲ್ಲಿ ಪಕ್ಕದ ಮನೆಯ ನಂಬರು ಹಾಕಿ ಮುಂದೆ ಪಿ.ಪಿ. ಎಂದು ಬರೆಸುತ್ತಿದ್ದರು. ನಮ್ಮ ಬೀದಿಗೆಲ್ಲ ನಾನೇ ಪಿ.ಪಿ. ಊಟದ ನಡುವೆ ಎದ್ದು, ಎಂಜಲು ಕೈಯಲ್ಲೇ ಓಡಿ, ಎಮ್ಮೆ ಹಿಂಡುತ್ತಿದ್ದ ಬೋರಮ್ಮಜ್ಜಿಯನ್ನು ಕರೆತಂದದ್ದು ಎಷ್ಟು ಸಲವೋ. ಆಮೇಲೆ ಎಲ್ಲರ ಜೇಬಿಗೂ ಮೊಬೈಲು ಬಂತು. ಆದರೆ ಅಭ್ಯಾಸ ಹೋಗಬೇಕಲ್ಲ! ಆಫರ್ ಮುಗಿದ ಕೂಡಲೇ ಸಿಮ್ ಬದಲಾಯಿಸುವ ಜನ ನಮ್ಮವರು. ರೇಷನ್ ಕಾರ್ಡಿರಲಿ, ಪಿಂಚಣಿಯಿರಲಿ, ನಲ್ಲಿಯ ಅರ್ಜಿಯಿರಲಿ, ಆಧಾರ್ ಇರಲಿ, ನಂಬರು ಕೇಳಿದರೆ ಒಂದೇ ಮಾತು: "ನಂದು ಇವತ್ತಿರ್ತೈತೆ, ನಾಳೆ ಇರಲ್ಲ. ಲೈನ್‌ಮನ್ ತಿಪ್ಪಣ್ಣಂದು ಹಾಕ್ಕಳ್ರಿ."

ನನಗೂ ಅದೊಂದು ಹಮ್ಮು. ಓಟಿಪಿ ಬಂದ ಕೂಡಲೇ ಜಗಲಿಗೆ ಬಂದು, "ಬೋರಮ್ಮಜ್ಜೀ, ನಿಂದು ಬಂತು!" ಎಂದು ಕೂಗಿ, ಆ ಅಂಕಿಗಳನ್ನೂ ಬೀದಿಗೆಲ್ಲ ಕೇಳುವಂತೆ ಓದುತ್ತಿದ್ದೆ. ಗುಟ್ಟಿನ ಸಂಖ್ಯೆಯನ್ನು ಇಷ್ಟು ಗಟ್ಟಿಯಾಗಿ ಹೇಳಿದವನು ಇಡೀ ಜಿಲ್ಲೆಯಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ.

ಹೀಗಿರುವಾಗ ಒಂದು ಸ್ಥಳೀಯ ಕಚೇರಿಯಿಂದ ನಮ್ಮ ಜನರ ಮಾಹಿತಿಯೆಲ್ಲ ಸೋರಿಹೋಯಿತು. ಯಾವ ಕಚೇರಿ ಎಂದು ಹೇಳುವುದಿಲ್ಲ. ಈಗಾಗಲೇ ಬೇಕಾದಷ್ಟು ಹೆಸರು ಹೊರಬಿದ್ದಿವೆ, ಅದೊಂದಾದರೂ ಒಳಗಿರಲಿ. ಹೆಸರು, ವಯಸ್ಸು, ಆಧಾರ್, ಫೋನು ಎಲ್ಲವನ್ನೂ ಕಂಪ್ಯೂಟರಿಗೆ ತುಂಬಿ, ಬಾಗಿಲು ಹಾಕುವುದನ್ನು ಮರೆತರಂತೆ. ಎಲ್ಲಿಯೋ ಕುಳಿತ ಕಳ್ಳರು ಬಾಚಿಕೊಂಡು ಹೋದರಂತೆ. ಇದು ಪತ್ರಿಕೆಗೆ ಬರುವ ಮೊದಲೇ ನನಗೆ ಗೊತ್ತಾಯಿತು. ಬೆಳಿಗ್ಗೆ ಫೋನು ಬಂತು: "ನಮಸ್ಕಾರ ಬೋರಮ್ಮ ಮೇಡಂ, ನಿಮ್ಮ ಪಿಂಚಣಿ ನಿಂತುಹೋಗಿದೆ." ನಾನು ಬೋರಮ್ಮನಲ್ಲವೆಂದು ಗದರಿ ಇಟ್ಟೆ. ಕಾಫಿ ಆರುವುದರೊಳಗೆ ಅದೇ ದನಿ: "ಖಾಜಾ ಸಾಹೇಬರೇ, ನಿಮಗೆ ಬಹುಮಾನ ಬಂದಿದೆ." ಮೂರನೆಯ ಸಲ ನಾನು ಲಕ್ಷ್ಮೀದೇವಿಯಾಗಿದ್ದೆ, ನನಗೆ ಹೆರಿಗೆ ಭತ್ಯೆ ಮಂಜೂರಾಗಿತ್ತು. ನನ್ನ ದನಿ ಕೇಳಿ ಕೇಳಿ ಕಳ್ಳನಿಗೇ ರೋಸಿಹೋಗಿ, "ಏನ್ರೀ, ಎಷ್ಟು ಜನ ಇದೀರ ನೀವು?" ಎಂದ.

ಅಂದಿನಿಂದ ನಾನು ಬೀದಿಯ ಉಪದೇಶಕನಾದೆ. ಯಾರಿಗೂ ಓಟಿಪಿ ಹೇಳಬೇಡಿ, ಹೆತ್ತ ಅಪ್ಪ ಕೇಳಿದರೂ ಹೇಳಬೇಡಿ ಎಂದು ಮನೆಮನೆಗೆ ಸಾರಿದೆ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ನನ್ನ ಹೆಂಡತಿಯ ತಮ್ಮ ಗೋವಿಂದನಿಗೂ ಫೋನು ಮಾಡಿ, "ಈಗ ದನಿ ಕದಿಯೋರೂ ಬಂದವ್ರೆ ಕಣಲೇ. ನನ್ನ ದನೀಲೇ ಕೇಳಿದ್ರೂ ಹೇಳಬ್ಯಾಡ" ಎಂದು ಎಚ್ಚರಿಸಿದೆ. ಅವನು ಭಯಭಕ್ತಿಯಿಂದ ಕೇಳಿಸಿಕೊಂಡ.

ಆ ಹುರುಪಿನಲ್ಲಿದ್ದಾಗಲೇ ಇನ್ನೊಂದು ಕರೆ ಬಂತು. "ನಾವು ಪೊಲೀಸ್ ಸ್ಟೇಷನ್‌ನಿಂದ ಮಾತಾಡ್ತಿರೋದು." ಬಂದನಪ್ಪ ಇನ್ನೊಬ್ಬ ಎಂದುಕೊಂಡು, "ನಿನ್ನಂಥ ಪೊಲೀಸರ್ನ ದಿನಾ ನೋಡ್ತೀನಿ, ಇಡಲೇ ಫೋನು!" ಎಂದು ಜಾಡಿಸಿದೆ. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ನಿಜವಾದ ಪೇದೆ ನಿಂತಿದ್ದ. "ಫೋನಲ್ಲಿ ನಮ್ ಸಾಹೇಬ್ರಿಗೆ ಬೈದೋರು ನೀವೇನಾ ಯಜಮಾನ್ರೆ?" ನಾನು ಚಪ್ಪಲಿ ಮೆಟ್ಟಿಕೊಂಡು ಅವನ ಹಿಂದೆ ಹೊರಟೆ.

ಸ್ಟೇಷನ್ನಿನಲ್ಲಿ ಸಾಹೇಬರು ಬೈಗುಳದ ವಿಷಯ ಎತ್ತಲಿಲ್ಲ, ಅದರಿಂದಲೇ ನನಗೆ ಇನ್ನೂ ದಿಗಿಲಾಯಿತು. "ಸೋರಿಹೋದ ಪಟ್ಟೀಲಿ ಇಷ್ಟೊಂದು ಜನರ ಆಧಾರಿಗೆ ನಿಮ್ಮದೊಂದೇ ನಂಬರು ಯಾಕೈತೆ?" ಎಂದು ಶಾಂತವಾಗಿ ಕೇಳಿದರು. ಏಣಿ, ಶಾವಿಗೆ ಮಣೆ, ಪಿ.ಪಿ. ಎಲ್ಲವನ್ನೂ ವಿವರಿಸಿದೆ. ಅವರು ನನ್ನ ಮುಖವನ್ನೇ ನೋಡಿದರು. "ನೋಡ್ರಿ, ಹೊರಗಿನೋರ ಕಣ್ಣಿಗೆ ಕಳ್ಳ ಅಂದ್ರೆ ನೀವೇ. ನೀವೂ ಮಾಹಿತಿ ಕಳಕೊಂಡೋರು ಅಂತಾದ್ರೆ ನಿಮ್ಮ ಹೆಸರಲ್ಲಿ ದೂರು ಕೊಟ್ಟು, ನಾಳೆ ಸಂಜೆಯೊಳಗೆ ಅದರ ರಸೀದಿ ತಂದು ತೋರಿಸ್ರಿ. ಇಲ್ಲಾಂದ್ರೆ ಈ ನಂಬರು ಬಂದ್ ಮಾಡಿಸ್ತೀನಿ." ಅಯ್ಯೋ ಶಿವನೇ! ನಂಬರು ಬಂದಾದರೆ ಬೋರಮ್ಮಜ್ಜಿಯ ಪಿಂಚಣಿಯಿಂದ ಹಿಡಿದು ಬೀದಿಯವರ ಸಕಲವೂ ಬಂದ್. ಅದಕ್ಕಿಂತ ಹೆಚ್ಚಾಗಿ, ಕಂಬ ಹತ್ತಿ ಹತ್ತಿ ಸಂಪಾದಿಸಿದ ಹೆಸರು ಹೋಗಿ, ಈ ವಯಸ್ಸಿನಲ್ಲಿ ಕಳ್ಳ ಎನಿಸಿಕೊಳ್ಳುವುದೇ? ಮನೆಗೆ ಬಂದು ಹೇಳಿದರೆ ಬೋರಮ್ಮಜ್ಜಿ, "ತಿಪ್ಪಣ್ಣ ಕಳ್ಳನಾಗಿದ್ರೆ ನಮ್ಮನೆ ಏಣಿ ಯಾವತ್ತೋ ಮಾಯ ಆಗ್ತಿತ್ತು ಬಿಡ್ರಿ" ಎಂದು ನನಗೊಂದು ಸರ್ಟಿಫಿಕೇಟು ಕೊಟ್ಟಳು. ಅದನ್ನು ಠಾಣೆಯಲ್ಲಿ ತೋರಿಸುವಂತಿರಲಿಲ್ಲ.

ಎದುರು ಮನೆಯ ಮೆಕ್ಯಾನಿಕ್ ಖಾಜಾ ನನ್ನನ್ನು ಬೈಕಿನ ಮೇಲೆ ಕೂರಿಸಿಕೊಂಡು ಚಳ್ಳಕೆರೆಗೆ ಹೊರಟ. ಅಲ್ಲಿಯ ವಕೀಲರು ನಾಗವೇಣಮ್ಮ ತಮ್ಮ ಸ್ಕೂಟರನ್ನು ರಿಪೇರಿಗೆ ಅವನ ಕೈಗಲ್ಲದೆ ಬೇರೆಯವರಿಗೆ ಕೊಡುವುದಿಲ್ಲ. "ದಾರಿ ಬೇಕಾದಷ್ಟು ಅದಾವೆ ತಿಪ್ಪಣ್ಣೋರೆ" ಎಂದರು ಅವರು. "ಮೊದಲು ಕಚೇರಿಗೆ ಬರವಣಿಗೇಲಿ ಕೇಳ್ರಿ, ನಮ್ಮದು ಏನೇನು ಹೊರಗೆ ಹೋಗೈತೆ, ಅದಕ್ಕೆ ನೀವೇನು ಮಾಡಿದ್ರಿ ಅಂತ. ಉತ್ತರ ಬರ್ಲಿಲ್ಲಾಂದ್ರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕ್ರಿ."

"ನಮ್ಮ ಮಾಹಿತಿ ಲೋಕಕ್ಕೆಲ್ಲ ಪುಕ್ಕಟೆ ಸಿಕ್ಕೈತೆ, ನಾವು ಮಾತ್ರ ಅರ್ಜಿ ಹಾಕಬೇಕಾ?" ಎಂದೆ.

ಅವರು ನಕ್ಕು ಮುಂದುವರಿದರು. ಆಧಾರಿನ ಬೆರಳಚ್ಚಿಗೆ ಬೀಗ ಹಾಕಿಸಬೇಕು, ಬ್ಯಾಂಕಿಗೆ ತಿಳಿಸಬೇಕು, ಯಾರದಾದರೂ ದುಡ್ಡು ಹೋದರೆ ಒಂದು ಗಳಿಗೆಯೂ ತಡಮಾಡದೆ ಸೈಬರ್ ಪೊಲೀಸರಿಗೆ ದೂರು ಕೊಡಬೇಕು. ನಷ್ಟವನ್ನು ರುಜುವಾತು ಮಾಡಬಲ್ಲವರು ಪರಿಹಾರಕ್ಕೆ ಸಿವಿಲ್ ಕೋರ್ಟಿಗೆ ಹೋಗಿ ನೋಡಬಹುದು. ಖಾಸಗಿತನ ಮೂಲಭೂತ ಹಕ್ಕಾದ್ದರಿಂದ ಹೈಕೋರ್ಟಿನ ಬಾಗಿಲನ್ನೂ ತಟ್ಟಬಹುದು. ಮಾಹಿತಿ ರಕ್ಷಣೆಗೆಂದೇ ಹೊಸ ಕಾನೂನೂ ಬಂದಿದೆ, ಹಂತ ಹಂತವಾಗಿ ಜಾರಿಯಾಗುತ್ತಿದೆ, ಅದರಲ್ಲಿ ಭಾರೀ ದಂಡವಿದೆ. ದಂಡ ಎಂದ ಕೂಡಲೇ ಖಾಜಾ ಮುಂದಕ್ಕೆ ಬಾಗಿ, "ಆ ದಂಡ ನಮಗೆ ಬರ್ತೈತಾ ಮೇಡಂ?" ಎಂದ.

"ಇಲ್ಲಪ್ಪ. ಸರ್ಕಾರದ ಖಜಾನೆಗೆ ಹೋಗ್ತೈತೆ."

"ಯಾ ಅಲ್ಲಾ! ಕಳೆದಿದ್ದೂ ಸರ್ಕಾರದ ಕಚೇರಿ, ದಂಡ ತಗಳೋದೂ ಸರ್ಕಾರ?"

"ಅದಿರಲಿ, ಮೊದಲು ಮನೆಗೆ ಹೋಗಿ ಒಬ್ಬೊಬ್ರೂ ದೂರು ಕೊಡ್ರಿ" ಎಂದು ವಕೀಲರು ನಮ್ಮನ್ನು ಎಬ್ಬಿಸಿ ಕಳಿಸಿದರು.

ದೂರು ಕೊಡಲು ಆ ಕಚೇರಿಯೇ ಒಂದು ವೆಬ್‌ಸೈಟು ತೆರೆದಿತ್ತು. ಆಧಾರ್ ನಂಬರು ಸೋರಿದೆ ಎಂದು ದೂರುವವರು ಮೊದಲು ಅಲ್ಲಿ ಆಧಾರ್ ನಂಬರನ್ನು ತುಂಬಬೇಕಿತ್ತು! ಇರಲಿ, ಹೋದ ಮಾನಕ್ಕೆ ಹೆದರಿದರೆ ಹೇಗೆ. ಸಂಜೆ ಬೀದಿಗೆ ಬೀದಿಯೇ ನಮ್ಮ ಜಗಲಿಗೆ ಬಂತು. ಖಾಜಾ ಒತ್ತುವುದು, ನನ್ನ ಫೋನಿಗೆ ಓಟಿಪಿ ಬರುವುದು, ನಾನು ಓದುವುದು. ಈ ಸಲ ಮೆಲ್ಲಗೆ ಓದಿದೆ. ಬೋರಮ್ಮಜ್ಜಿಯದಾಯಿತು, ಲಕ್ಷ್ಮೀದೇವಿಯದಾಯಿತು, ಎಲ್ಲರದೂ ಸಲೀಸಾಗಿ ಮುಗಿಯಿತು. ಕೊನೆಗೆ ನನ್ನದು. ಖಾಜಾ ಒತ್ತಿದ. ನನ್ನ ಫೋನು ಸುಮ್ಮನಿತ್ತು. ಮತ್ತೆ ಒತ್ತಿದ. ಉಹೂಂ. ಓಟಿಪಿ ಹೋದ ಮೊಬೈಲಿನ ಕೊನೆಯ ಅಂಕಿಗಳನ್ನು ಅವನು ಓದಿ ಹೇಳಿದ. ಅವು ನನ್ನವಾಗಿರಲಿಲ್ಲ!

"ಅದು ನಮ್ಮ ಗೋವಿಂದಂದಲ್ವಾ?" ಎಂದಳು ಒಳಗಿನಿಂದ ನನ್ನ ಹೆಂಡತಿ ಸರೋಜ. ಆಗ ನೆನಪಾಯಿತು. ಮೊದಲ ಸಲ ಆಧಾರ್ ಮಾಡಿಸಿದ್ದು ಮಾವನ ಮನೆಗೆ ಹೋಗಿದ್ದಾಗ, ಮೊಳಕಾಲ್ಮೂರಿನಲ್ಲಿ. ನನ್ನ ಬಳಿ ಆಗ ಮೊಬೈಲಿರಲಿಲ್ಲ. "ನಮ್ ಗೋವಿಂದಂದು ಹಾಕ್ಕಳ್ರಿ" ಎಂದು ಗತ್ತಿನಿಂದ ಹೇಳಿದವನು ಸಾಕ್ಷಾತ್ ನಾನೇ.

ಗೋವಿಂದನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ. ಹಿಂದಿನಿಂದ ಮಗ್ಗದ ಸದ್ದು ಕೇಳುತ್ತಿತ್ತು. "ಗೋವಿಂದ, ನಿನ್ನ ಫೋನಿಗೆ ಒಂದು ಓಟಿಪಿ ಬಂದೈತೆ, ಬೇಗ ಹೇಳಪ್ಪ." ಮಗ್ಗ ನಿಂತಿತು.

"ಹೇಳಲ್ಲ."

"ಲೇ, ನಾನು ಕಣೋ, ನಿಮ್ಮ ಬಾವ!"

"ದನಿ ನಮ್ ಬಾವಂದೇ ಐತೆ. ಅದಕ್ಕೇ ಅನುಮಾನ. ದನಿ ಕದಿಯೋರು ಬಂದವ್ರೆ ಅಂತ ನಮ್ ಬಾವಾನೇ ಹೇಳವ್ರೆ."

ನನ್ನ ಉಪದೇಶವನ್ನು ಇಡೀ ತಾಲ್ಲೂಕಿನಲ್ಲಿ ಪಾಲಿಸಿದವನು ಇವನೊಬ್ಬನೇ! ಗೋಗರೆದೆ, ಗದರಿದೆ. ಕೊನೆಗೆ ಅವನೇ ಒಂದು ದಾರಿ ತೋರಿಸಿದ. "ಆಯ್ತು, ಒಂದು ಮಾತು ಹೇಳ್ರಿ. ಧಾರೆಗೆ ನಮ್ಮಕ್ಕ ಉಟ್ಟಿದ್ದ ಸೀರೆ ಯಾವ ಬಣ್ಣ? ನಮ್ಮಪ್ಪ ತನ್ನ ಕೈಯಾರೆ ನೇದಿದ್ದು. ಬಾವ ಆಗಿದ್ರೆ ಗೊತ್ತಿರ್ತೈತೆ."

ಜಗಲಿಯ ಮೇಲಿದ್ದವರೆಲ್ಲ ಫೋನಿನತ್ತ ಬಾಗಿದರು. ಸರೋಜ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊಸ್ತಿಲಿಗೆ ಬಂದು ನಿಂತಳು. ಬೀದಿಯವರ ಆಧಾರ್ ನಂಬರುಗಳೆಲ್ಲ ನನಗೆ ಬಾಯಿಪಾಠ. ಕಂಬಗಳ ನಂಬರುಗಳೂ ಇನ್ನೂ ನೆನಪಿವೆ. ಸೀರೆ? ಧಾರೆಯ ದಿನ ನಾನು ಯಾವ ಕಡೆ ನೋಡುತ್ತಿದ್ದೆನೋ ದೇವರೇ ಬಲ್ಲ. ಮದುವೆ ಸೀರೆ ಎಂದ ಮೇಲೆ ಇನ್ನಾವ ಬಣ್ಣವಿರುತ್ತದೆ ಎಂದುಕೊಂಡು, "ಕೆಂಪು" ಎಂದೆ. "ಅಂಚು... ಹಸಿರು?"

"ಥೂ ಕಳ್ಳ! ನಮ್ ಬಾವನ ದನಿ ಕದ್ದು ನನಗೇ ಟೋಪಿ ಹಾಕ್ತೀಯಾ?" ಎಂದು ಫೋನಿಟ್ಟ.

ಸರೋಜ ನನ್ನ ಕೈಯಿಂದ ಫೋನು ಕಿತ್ತುಕೊಂಡು ತಾನೇ ತಮ್ಮನಿಗೆ ಹಚ್ಚಿದಳು. ಸದ್ಯ, ಬದುಕಿದೆ ಎಂದುಕೊಂಡೆ. "ಗೋವಿಂದ, ಹೇಳ್ದೆ ಇದ್ದಿದ್ದು ಒಳ್ಳೇದಾತು. ಇವ್ರು ಯಾರೋ ನಂಗೂ ಗೊತ್ತಿಲ್ಲ ಕಣಪ್ಪ" ಎಂದು ಹೇಳಿ, ಫೋನನ್ನು ಜಗಲಿಯ ಮೇಲಿಟ್ಟು ಒಳಗೆ ಹೋದಳು. ಪೊಲೀಸರು ಕಳ್ಳ ಎಂದಾಗಲೂ ನನಗೆ ಅಷ್ಟು ಅವಮಾನವಾಗಿರಲಿಲ್ಲ. ಬೋರಮ್ಮಜ್ಜಿ ಎದ್ದು ಹೋಗುತ್ತ, "ಇದಕ್ಕೆ ಯಾವ ಕೋರ್ಟೂ ಇಲ್ಲ ತಿಪ್ಪಣ್ಣ" ಎಂದಳು.

ಮರುದಿನ ಮೊದಲ ಬಸ್ಸಿಗೇ ಮೊಳಕಾಲ್ಮೂರಿಗೆ ಹೊರಟೆ. ಸರೋಜಳೂ ಬಂದಳು. ಟ್ರಂಕಿನಿಂದ ಅದೇ ಧಾರೆ ಸೀರೆ ತೆಗೆದು ಉಟ್ಟುಕೊಂಡಿದ್ದಳು. ದಾರಿಯುದ್ದಕ್ಕೂ ನಾನು ಕಿಟಕಿಯಾಚೆ ಒಂದು ಕಂಬವನ್ನೂ ನೋಡಲಿಲ್ಲ, ಆ ಸೀರೆಯನ್ನೇ ನೋಡಿದೆ. ಮಾವನವರು ಎಷ್ಟು ದಿನ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕುಳಿತು ನೇಯ್ದಿದ್ದರೋ! ಎಂಥ ಸೀರೆ ಅದು, ನಿಜವಾಗಿಯೂ ಎಂಥ ಸೀರೆ! ಗೋವಿಂದ ಬಾಗಿಲಲ್ಲೇ ಅಡ್ಡ ನಿಂತು, "ಈಗ ಹೇಳ್ರಿ ಬಾವ" ಎಂದ. ಹೇಳಿದೆ. ಒಡಲು, ಅಂಚು, ಸೆರಗು, ಸೆರಗಿನ ಬುಟ್ಟಾ ಸಮೇತ ಹೇಳಿದೆ. ಸರೋಜ ಆ ಕಡೆ ತಿರುಗಿ ನಕ್ಕಳು. ಖಾಜಾನಿಗೆ ಫೋನು ಮಾಡಿ ಮತ್ತೆ ಒತ್ತಿಸಿದೆ, ಗೋವಿಂದ ಹೊಸ ಓಟಿಪಿ ಓದಿದ. ದೂರು ದಾಖಲಾಯಿತು, ಸಂಜೆಯೊಳಗೆ ರಸೀದಿ ಠಾಣೆಗೆ ಮುಟ್ಟಿತು, ನಂಬರೂ ಉಳಿಯಿತು, ಹೆಸರೂ ಉಳಿಯಿತು.

ಆಧಾರಿಗೆ ಸ್ವಂತ ನಂಬರು ಹಾಕಿಸಬೇಕೆಂದು ಅಂದುಕೊಳ್ಳುತ್ತಲೇ ಇದ್ದೇನೆ, ಹಾಕಿಸಿಲ್ಲ. ಅದಕ್ಕೇ ಈಗಲೂ ನನ್ನ ಓಟಿಪಿ ಬಂದಾಗಲೆಲ್ಲ ಗೋವಿಂದ ಮೊದಲು ಸೀರೆಯ ಬಣ್ಣ ಕೇಳುತ್ತಾನೆ, ನಾನು ಜಗಲಿ ಬಿಟ್ಟು ಅಡುಗೆಮನೆಗೆ ಹೋಗಿ ಪಿಸುಗುಡುತ್ತೇನೆ. ಅಷ್ಟಕ್ಕೂ ಅದು ಯಾವ ಬಣ್ಣ ಎಂದು ನೀವು ಕೇಳುತ್ತೀರಿ, ನನಗೆ ಗೊತ್ತು. ಹೇಳುವುದಿಲ್ಲ. ಸೋರದೆ ನನ್ನ ಬಳಿ ಉಳಿದಿರುವ ಮಾಹಿತಿ ಅದೊಂದೇ.