ಕುಳಗೇರಿ ಕ್ರಾಸಿನ ಗಿಟಾರು

ಐವತ್ತೆರಡನೇ ವಯಸ್ಸಿನಲ್ಲಿ ಗಂಡಸಿಗೊಂದು ಆಸೆ ಹುಟ್ಟಿದರೆ ನಮ್ಮ ಇಳಕಲ್ಲಿನಲ್ಲಿ ಅದಕ್ಕೆ ಮೂರೇ ಔಷಧ: ತೀರ್ಥಯಾತ್ರೆ, ಬೆಳಗಿನ ವಾಕಿಂಗು, ರಕ್ತ ತಪಾಸಣೆ. ಎಲೆಕ್ಟ್ರಿಕ್ ಗಿಟಾರು ಯಾರ ಪಟ್ಟಿಯಲ್ಲೂ ಇಲ್ಲ. ನನಗೆ ಬೇಕಾಗಿದ್ದು ಅದೊಂದೇ.

ಬಾಗಲಕೋಟೆಯಲ್ಲಿ ಕಾಲೇಜು ಓದುವಾಗ ವಾರ್ಷಿಕ ಗ್ಯಾದರಿಂಗಿನಲ್ಲಿ ಹುಡುಗನೊಬ್ಬ ಅದನ್ನು ಬಾರಿಸಿದ್ದ. ಅಂದು ಹತ್ತಿದ ಹುಚ್ಚು. "ಬಾರಿಸೂದಿದ್ರ ಹಾರ್ಮೋನಿಯಂ ಬಾರಿಸು, ಇಲ್ಲಾಂದ್ರ ಸುಮ್ನಿರು" ಎಂದು ಅಪ್ಪ ಎರಡು ದಾರಿ ತೋರಿಸಿದರು. ನಾನು ಮೂವತ್ತು ವರ್ಷ ಸುಮ್ಮನಿದ್ದೆ. ಆ ಅವಧಿಯಲ್ಲಿ ಹೈಸ್ಕೂಲಿನ ಗಣಿತ ಮಾಸ್ತರನಾದೆ, ವರದಾಳ ಗಂಡನಾದೆ, ಅಮಿತಾಳ ಅಪ್ಪನಾದೆ. (ಸುಮ್ಮನಿರುವುದು ಈ ಮೂರರಲ್ಲಿ ಎರಡನೆಯದಕ್ಕೆ ಬಹಳ ಉಪಯೋಗಕ್ಕೆ ಬಂತು.)

ಹೋದ ವರ್ಷ ವರದಾಳ ತವರಾದ ಬಾದಾಮಿಗೆ ಹೋಗಿ ಅಲ್ಲಿಂದ ಮುಂದೆ ಹೊರಟವನು ಕುಳಗೇರಿ ಕ್ರಾಸಿನಲ್ಲಿ ಚಹಾಕ್ಕೆ ಇಳಿದೆ. ಎದುರಿಗೊಂದು ಬಡಗಿ ಅಂಗಡಿ. ಬಾಗಿಲ ಚೌಕಟ್ಟುಗಳ ನಡುವೆ ಕೆಂಪು ಗಿಟಾರೊಂದು ತೂಗುತ್ತಿತ್ತು. ಚಹಾ ಆರಿಹೋಯಿತು, ಬಸ್ಸೂ ಹೋಯಿತು.

ಅಂಗಡಿಯ ಯುನೂಸ ಮೊದಲು ಬಾಗಿಲು, ಮಂಚ ಮಾಡುತ್ತಿದ್ದವನು. ಈಗ ವರ್ಷಕ್ಕೆ ಐದಾರು ಗಿಟಾರು, ಒಂದೊಂದನ್ನೂ ಕೈಯಿಂದಲೇ ಕಡೆದು, ಕೇಳಿದವರ ಅಳತೆಗೆ ಮಾಡಿಕೊಡುತ್ತಾನೆ. ಮೊಬೈಲಿನಲ್ಲಿ ಫೋಟೋ ನೋಡಿ ಪುಣೆ, ಕೊಚ್ಚಿಯವರು ಕಾದು ತರಿಸಿಕೊಳ್ಳುತ್ತಾರೆ.

"ದೊಡ್ಡ ಕಂಪನಿ ಗಿಟಾರು ಸಾಲಿ ಯುನಿಫಾರ್ಮ್ ಇದ್ದಂಗ್ರಿ ಸರ, ಎಲ್ಲಾರಿಗೂ ಒಂದ. ನಾ ಮಾಡಾವು ಮೈ ಅಳತಿ ತಗೊಂಡು ಹೊಲಿದ ಅಂಗಿ," ಎಂದ. ಹೇಳಿದಂತೆಯೇ ನನ್ನ ಬೆರಳು ಅಳೆದ, ತೋಳು ಅಳೆದ. ಆಮೇಲೆ ಹೊಟ್ಟೆಗೂ ಟೇಪು ಸುತ್ತಿದ. "ಇದು ಕೂಡ್ರಾಕ ಹಿಂದ ಒಂದೀಟು ತಗ್ಗು ತಗೀಬೇಕ್ರಿ," ಎಂದು ಗಂಭೀರವಾಗಿ ಬರೆದುಕೊಂಡ.

"ಮನ್ಯಾಗ ಹಳೇ ಸಾಗವಾನಿ ಇದ್ರ ತರ್ರಿ. ಹೊಸಾ ಕಟಗಿ ನುಡಿಯಾಕ ಭಾಳ ದಿನಾ ತಗೋತೈತಿ. ಹಳೇದು ಮುಟ್ಟಿದ್ರ ಮಾತಾಡತೈತಿ."

ನಮ್ಮ ಮನೆಯಲ್ಲಿ ಹಳೆಯ ಸಾಗವಾನಿ ಇತ್ತು. ಅಟ್ಟದ ಮೇಲೆ, ಹರಕು ಇಳಕಲ್ ಸೀರೆಯಲ್ಲಿ ಸುತ್ತಿಟ್ಟ ಶಾವಿಗೆ ಮಣೆ. ಆಳುದ್ದಕ್ಕೆ ಸ್ವಲ್ಪ ಕಡಿಮೆಯ ದಪ್ಪ ಹಲಗೆ, ಮೇಲೆ ಸಣ್ಣ ಸಣ್ಣ ಗೀರುಗಳು. ಗೀರಿನ ಮೇಲೆ ಕಣಕ ಹೊಸೆದರೆ ಎಳೆಯೆಳೆಯಾಗಿ ಶಾವಿಗೆ ಇಳಿಯುತ್ತದೆ; ಇನ್ನೊಬ್ಬರು ಕೋಲು ಹಿಡಿದು ಅದನ್ನು ಎತ್ತಿಕೊಳ್ಳುತ್ತಾರೆ. ವರದಾಳ ಅಜ್ಜಿಯ ಮಣೆ ಅದು, ಮದುವೆಯಾದಾಗ ಅವಳ ಜೊತೆ ಬಾದಾಮಿಯಿಂದ ಬಂದದ್ದು. ಆದರೆ ಆರು ವರ್ಷಗಳಿಂದ ನಮ್ಮ ಮನೆಗೆ ಶಾವಿಗೆ ಪಾಕೀಟಿನಲ್ಲೇ ಬರುತ್ತಿದೆ. ಆರು ವರ್ಷ ಯಾರೂ ಮುಟ್ಟದ ವಸ್ತು ಯಾರಿಗೂ ಬೇಡವಾದ ವಸ್ತು ಎಂದು ನಾನು ಸಿದ್ಧಾಂತ ಮಾಡಿದೆ. (ಇದೇ ಲೆಕ್ಕ ನನಗೂ ಅನ್ವಯಿಸಬಹುದೆಂದು ಆಗ ಹೊಳೆಯಲಿಲ್ಲ.)

ವರದಾ ತವರಿಗೆ ಹೋದಾಗ ಮಣೆ ಕುಳಗೇರಿ ಕ್ರಾಸಿಗೆ ಹೋಯಿತು. ಅಟ್ಟ ಖಾಲಿ ಕಾಣಬಾರದೆಂದು ಶಾಲೆಯ ಮುರಿದ ಬೆಂಚಿನ ಹಲಗೆಯೊಂದನ್ನು ತಂದು, ಅದೇ ಸೀರೆ ಸುತ್ತಿ, ಅದೇ ಜಾಗದಲ್ಲಿಟ್ಟೆ.

ಯುನೂಸ ಹಲಗೆಯ ಮೇಲೆ ಕೈಯಾಡಿಸಿದ. ವರ್ಷಗಟ್ಟಲೆ ಎಣ್ಣೆ ಕುಡಿದ ಕಟ್ಟಿಗೆ ಕನ್ನಡಿಯಂತೆ ನುಣುಪಾಗಿತ್ತು. "ಈ ಗೀರು ಅಳಿಸಬ್ಯಾಡ," ಎಂದೆ. "ಹಿಂದಿನ ಮಗ್ಗಲಾಗಿರ್ಲಿ. ಪಾಲಿಶೂ ಬ್ಯಾಡ."

"ಮತ್ತ ನಿಮ್ಮ ಹೊಟ್ಟಿ ತಗ್ಗು?"

"ಹೊಟ್ಟಿ ನಾ ಒಳಗ ಎಳಕೋತೀನಿ, ನೀ ಗೀರು ಮುಟ್ಟಬ್ಯಾಡ."

ಎಂಟು ತಿಂಗಳಿಗೆ ಗಿಟಾರು ಬಂತು. ಅಂಥ ಚೆಲುವೆಯನ್ನು ನಾನು ನೋಡಿರಲಿಲ್ಲ. (ಈ ವಾಕ್ಯ ವರದಾ ಓದುವುದಿಲ್ಲವೆಂಬ ಧೈರ್ಯದಿಂದ ಬರೆದಿದ್ದೇನೆ.) ವರದಾ ಬೈಯಲಿಲ್ಲ. ಅರಿಷಿಣ ಕುಂಕುಮ ಹಚ್ಚಿ, ಹಿಂಬದಿಯ ಮೇಲೆ ಕೈ ಸವರಿ, "ಭಾಳ ಛಂದ ಅದರೀ. ಯಾಕೋ ಎಲ್ಲೋ ನೋಡಿಧಂಗ ಅನಸ್ತದ," ಎಂದಳು.

"ಗಿಟಾರ್ ಎಲ್ಲಾ ಹಂಗ ಇರ್ತಾವ," ಎಂದೆ.

ಒಂದು ತಿಂಗಳು ಸುಖವಾಗಿ ಅಭ್ಯಾಸ ನಡೆಯಿತು. ಅಷ್ಟರಲ್ಲಿ ಅಮಿತಾಳ ಮದುವೆ ಗೊತ್ತಾಯಿತು. ಹುಡುಗ ಹುನಗುಂದದವನು, ಒಳ್ಳೆಯ ಮನೆತನ. ನಾನು ಸಂತೋಷದಿಂದ ತಂತಿ ಮೀಟುತ್ತ ಕೂತಿದ್ದಾಗ ವರದಾ ಬಂದು ಪಕ್ಕದಲ್ಲಿ ಕುಳಿತಳು.

"ಶುಕ್ರವಾರ ಶಾವಿಗಿ ಮುಹೂರ್ತ. ಮದುವಿ ಕೆಲಸ ಅಲ್ಲಿಂದನ ಸುರು. ಅವ್ವ ಬರ್ತಾಳ. ಅಟ್ಟದ ಮ್ಯಾಲಿನ ಮಣಿ ಇಳಸ್ಬೇಕು."

ನನ್ನ ಬೆರಳು ತಂತಿಯ ಮೇಲೆಯೇ ನಿಂತಿತು. "ಪಾಕೀಟಿಂದ ಆಗೂದಿಲ್ಲೇನು?"

"ಮದುವಿ ಶಾವಿಗಿ ಯಾರರೆ ಪಾಕೀಟಿಂದ ಮಾಡ್ತಾರೇನ್ರಿ? ನನ್ನ ಮದುವಿಗೂ ಅದ ಮಣಿ, ನಮ್ಮವ್ವನ ಮದುವಿಗೂ ಅದ. ಅಜ್ಜಿ ನನ್ನ ಕೈ ಹಿಡದು ಹೊಸೀಲಿಕ್ಕೆ ಕಲಿಸಿದ್ಲು. ಆ ಗೀರು ಮುಟ್ಟಿದ್ರ ಅಜ್ಜಿ ಕೈ ಮುಟ್ಟಿಧಂಗ ಆಗ್ತದ." ಅವಳ ಕಣ್ಣು ಒದ್ದೆಯಾಗಿತ್ತು.

ಆಗಲೇ ಹೇಳಿಬಿಡಬೇಕಿತ್ತು. ಹೇಳಲು ಬಾಯಿ ತೆರೆದೆ. "ಚಹಾ ಮಾಡ್ತೀಯೇನು?" ಎಂಬ ಮಾತು ಹೊರಬಿತ್ತು. ನಿಜ ಹೇಳುತ್ತೇನೆ, ಅವಳ ಬೈಗುಳಕ್ಕೆ ನಾನು ಹೆದರಲಿಲ್ಲ, ಅದು ರೂಢಿಯಾಗಿದೆ. ಅವಳು ಅತ್ತರೆ ಏನು ಮಾಡಲಿ ಎಂದು ಹೆದರಿದೆ.

ಹಿತ್ತಲಿಗೆ ಹೋಗಿ ಯುನೂಸನಿಗೆ ಫೋನು ಹಚ್ಚಿದೆ. "ಆ ಗಿಟಾರನ್ನ ತಿರುಗಿ ಮಣಿ ಮಾಡ್ಲಿಕ್ಕೆ ಬರ್ತದೇನು?"

"ಸರ, ಮೊಸರು ತಿರುಗಿ ಹಾಲು ಆಗೂದಿಲ್ರಿ," ಎಂದ.

ಶುಕ್ರವಾರ ಬೆಳಿಗ್ಗೆ ಐದು ಮಂದಿ ಮುತ್ತೈದೆಯರು ನಡುಮನೆಯಲ್ಲಿ ಸೇರಿದರು. ಎದುರುಮನೆಯ ಶೀಲಾ ಕಣಕ ನಾದಿಟ್ಟಿದ್ದಳು. ಎಪ್ಪತ್ತೆಂಟರ ನಮ್ಮ ಅತ್ತೆ ತುಳಸೀಬಾಯಿಯವರು ಗೋಡೆಗೊರಗಿ ಮೇಲ್ವಿಚಾರಣೆಗೆ ಕೂತಿದ್ದರು. ನಾನೇ ಅಟ್ಟ ಹತ್ತಿ ಗಂಟನ್ನು ಇಳಿಸಿದೆ. ನೇಣಿಗೆ ಹಗ್ಗವನ್ನು ನಾನೇ ತಂದುಕೊಟ್ಟಂತೆ ಆಯಿತು.

ವರದಾ ಕೈಮುಗಿದು ಸೀರೆ ಬಿಚ್ಚಿದಳು. ಒಳಗೆ ಬೆಂಚಿನ ಹಲಗೆ. ಅದರ ಮೇಲೆ ಯಾವನೋ ಪುಣ್ಯಾತ್ಮ ಕೈವಾರದ ಮೊನೆಯಿಂದ ನನ್ನ ಹೆಸರು ಹಾಕಿ ಕೆತ್ತಿದ್ದನ್ನು ಅಮಿತಾ ಗಟ್ಟಿಯಾಗಿ ಓದಿದಳು: "ಸತ್ಯಬೋಧ ಸರ್ ಭಾಳ ಕೊರೀತಾರ."

ವರದಾ ನನ್ನನ್ನು ನೋಡಿದಳು. ಆಮೇಲೆ ಗೋಡೆಯ ಮೇಲಿನ ಗಿಟಾರನ್ನು ನೋಡಿದಳು. ಎದ್ದುಹೋಗಿ ಅದನ್ನಿಳಿಸಿ, ತಿರುಗಿಸಿ, ಗೀರಿನ ಮೇಲೆ ಬೆರಳಾಡಿಸಿದಳು. ಮೂಲೆಯಲ್ಲಿ ಯಾವ ಕಾಲದ್ದೋ ದೀಪ ತಾಗಿ ಸುಟ್ಟ ಕಲೆಯಿತ್ತು. ಅದರ ಮೇಲೆ ಬೆರಳು ನಿಂತಿತು.

"ವರದಾ, ತಪ್ಪಾತು," ಎಂದೆ. ಇಷ್ಟು ವರ್ಷದ ಸಂಸಾರದಲ್ಲಿ ಎಷ್ಟೋ ಸಲ ಹೇಳಿದ ಮಾತು. ಈ ಸಲ ಮನಸ್ಸಿನಿಂದ ಬಂತು.

"ಕೇಳಿದ್ರ ನಾನ ಕೊಡ್ತಿದ್ದಿಲ್ಲೇನ್ರಿ?"

"ಕೊಡ್ತಿದ್ದಿಯೇನು?"

"ಕೊಡ್ತಿದ್ದಿಲ್ಲ. ಆದ್ರ ಕೇಳಬೇಕಿತ್ತು," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಗ ಗೋಡೆಯ ಕಡೆಯಿಂದ ಅತ್ತೆಯವರ ದನಿ ಬಂತು. "ಆಮ್ಯಾಲೆ ಅಳೂಣಂತ, ಕಣಕ ಒಣಗ್ತದ. ಗೀರು ಇದ್ದಾವೋ ಇಲ್ಲೋ?"

"ಇದ್ದಾವ ಅವ್ವಾ."

"ಮತ್ತೇನು? ಬೋರಲು ಹಾಕು ಅದನ್ನ."

ಎರಡು ಊಟದ ಮಣೆಗಳನ್ನು ದೂರ ದೂರ ಇಟ್ಟು, ತಂತಿ ನೆಲಕ್ಕೆ ತಾಗದಂತೆ ನನ್ನ ಗಿಟಾರನ್ನು ಬೋರಲು ಮಲಗಿಸಿದರು. ಹಿಂಬದಿಗೆ ಅರಿಷಿಣ ಕುಂಕುಮ ಬಿತ್ತು, ಒಂದು ಚಮಚ ಶೇಂಗಾ ಎಣ್ಣೆಯೂ ಬಿತ್ತು. ಅತ್ತೆಯವರೇ ಮೊದಲ ಉಂಡೆ ಹಿಡಿದರು. ಒಂದು ಸಲ ಹೊಸೆದದ್ದೇ ತಡ, ಕೂದಲೆಳೆಯಂಥ ಶಾವಿಗೆ ಇಳಿಯಿತು. ಜೊತೆಗೆ ಕೆಳಗಿನ ತಂತಿಗಳು ಸಣ್ಣಗೆ "ಝುಂಯ್" ಎಂದವು.

"ಏ, ಇದು ಹೂಂಗುಡ್ತದಲ್ಲ!" ಎಂದು ಅತ್ತೆಯವರು ಬೆಚ್ಚಿದರು.

"ಅಜ್ಜೀ, ವೈರ್ ಹಚ್ಚಿದ್ರ ಇನ್ನೂ ಜೋರ ಬರ್ತದ," ಎಂದಳು ಅಮಿತಾ. ನಾನು ಬೇಡವೆನ್ನುವಷ್ಟರಲ್ಲಿ ನನ್ನ ಸ್ಪೀಕರಿಗೆ ವೈರು ಸೇರಿತ್ತು.

ಮುಂದಿನದನ್ನು ಓಣಿಯವರೆಲ್ಲ ಕಿಟಕಿಗೆ ಮುಖವಿಟ್ಟು ನೋಡಿದರು. ಅತ್ತೆಯವರು ಹೊಸೆದಾಗೊಮ್ಮೆ ಮನೆಯೆಲ್ಲ ತುಂಬುವಂತೆ "ಝೂಂಯ್", ಅದರ ಶ್ರುತಿಗೆ ಮುತ್ತೈದೆಯರ ಮದುವೆ ಹಾಡು. ಆ ಗಿಟಾರಿನ ಪ್ರಥಮ ಕಚೇರಿಗಾಗಿ ನಾನು ಮೂವತ್ತು ವರ್ಷ ಕಾದಿದ್ದೆ. ಕಚೇರಿ ನಡೆಯಿತು, ಕಲಾವಿದೆ ನಮ್ಮ ಅತ್ತೆ. ಕೋಲು ಹಿಡಿದು ಶಾವಿಗೆ ಎತ್ತುವ ಕೆಲಸ ನನ್ನ ಪಾಲಿಗೆ ಬಂತು. ಎರಡು ಸಲ ಎಳೆ ಹರಿದೆನೆಂದು ಬೈಸಿಕೊಂಡೆ. ಬೈದವಳು ವರದಾ, ಬೈಯುತ್ತ ಬೈಯುತ್ತ ನಗುತ್ತಿದ್ದಳು. "ಅಜ್ಜಿ ಮಣಿ ಹಾಡ್ಲಿಕ್ಕೆ ಕಲ್ತದ ನೋಡ್ರಿ," ಎಂದಳು. ನನ್ನ ಎದೆಯ ಮೇಲಿನ ಕಲ್ಲು ಅಲ್ಲಿಗೆ ಇಳಿಯಿತು.

ಅಂದಿನಿಂದ ಅದು ಹಕ್ಕಿನಿಂದ ವರದಾಳ ಮಣೆ. ಬಿಡುವಿದ್ದಾಗ, ಕೇಳಿದರೆ ಮಾತ್ರ, ನನ್ನ ಗಿಟಾರು. ಶೀಲಾ ಯುನೂಸನ ನಂಬರು ಬರೆದುಕೊಂಡು ಹೋದಳು, ಅವರ ಮನೆಯ ಮಣೆಗೂ ದನಿ ಕೂಡಿಸಬೇಕಂತೆ.

ಸಂಜೆ ಶಾವಿಗೆಯೆಲ್ಲ ಒಣಗಲು ಹರವಿದ ಮೇಲೆ ವರದಾಳೇ ಗಿಟಾರಿನ ಹಿಟ್ಟು ಒರೆಸಿ ನನ್ನ ಕೈಗಿಟ್ಟಳು. "ಇಷ್ಟು ದಿನಾ ಕಲ್ತೀರಲ್ಲ, ಅವ್ವಗ ಒಂದು ಬಾರಿಸಿ ತೋರಸ್ರಿ."

ನಾನು ಹೊಟ್ಟೆ ಒಳಗೆಳೆದುಕೊಂಡು ಕೂತೆ. ತಿಂಗಳಿಡೀ ತಿದ್ದಿದ ಒಂದೇ ಒಂದು ಧಾಟಿಯನ್ನು, ಕಣ್ಣುಮುಚ್ಚಿ, ಒಂದೂ ತಪ್ಪಿಲ್ಲದೆ ಮೊದಲಿನಿಂದ ಕೊನೆಯತನಕ ಬಾರಿಸಿದೆ. ಕಣ್ಣು ತೆರೆದಾಗ ಅತ್ತೆಯವರು ಮಗಳ ಕಡೆ ಬಾಗಿ ಪಿಸುಗುಟ್ಟುತ್ತಿದ್ದರು. ಅವರಿಗೆ ಕಿವಿ ಸ್ವಲ್ಪ ಮಂದ, ಹಾಗಾಗಿ ಪಿಸುಮಾತು ಓಣಿಗೆಲ್ಲ ಕೇಳಿಸಿತು:

"ಪಾಪ, ಛಲೋ ಬಾರಸ್ತಾರ. ಆದ್ರೂ ನಾ ಶಾವಿಗಿ ಹೊಸಿಯೂವಾಗ ಭಾಳ ಇಂಪಿತ್ತು."