ಮೂವತ್ತೆಂಟು ಪೌಂಡ್ ಗಾಳಿ ಮತ್ತು ಮಾವನವರ ಬಕೆಟ್

ಈ ಸಲದ ಕಡಲಯಾತ್ರೆಗೆ ನಾನೇ ನಾಯಕ, ನಾನೇ ಸಾರಥಿ, ನಾನೇ ಬೇಟೆಗಾರ ಎಂದು ಅಡುಗೆಮನೆಯ ನಟ್ಟನಡುವೆ ನಿಂತು ಘೋಷಿಸಿದೆ! ಕೂರಾಂಗ್ ಕರಾವಳಿಯಲ್ಲಿ ಎರಡು ದಿನ ಡೇರೆ ಹೂಡುವುದು. ಒಂದು ಮಲ್ಲೊವೇ ಮೀನನ್ನಾದರೂ ಹಿಡಿಯದೆ ಮನೆಗೆ ಮರಳುವ ಮಾತೇ ಇಲ್ಲ. ಇಪ್ಪತ್ತೆರಡು ವರ್ಷದ ದಾಂಪತ್ಯದಲ್ಲಿ ನಾನು ಹಿಡಿದ ಅತಿ ದೊಡ್ಡ ಮೀನನ್ನು ನನ್ನ ಹೆಂಡತಿ ರೊಂಡಾ ಬೆಕ್ಕಿಗೂ ಹಾಕಿರಲಿಲ್ಲ. "ಪಾಪ, ಬೆಕ್ಕಿಗೂ ಒಂದು ಮರ್ಯಾದೆ ಇರತ್ತೆ" ಎಂದಿದ್ದಳು.

ಹೊರಟವರು ನಾಲ್ವರು. ನಾನು, ರೊಂಡಾ, ಎಂಬತ್ತೊಂದರ ಅತ್ತೆ ಡಲ್ಸಿ ಮತ್ತು ಮಾವ ಕ್ಲಾರಿ. ಮಾವ ಬಕೆಟ್ಟಿನಲ್ಲಿದ್ದರು.

ನಗಬೇಡಿ. "ನನ್ನ ಬೂದಿಗೆ ಚೆಂದದ ಡಬ್ಬ ಕೊಂಡು ದುಡ್ಡು ಹಾಳು ಮಾಡಬೇಡಿ, ಶೆಡ್ಡಿನಲ್ಲಿರುವ ಮುಚ್ಚಳದ ಬಿಳಿ ಬಕೆಟ್ ಸಾಕು" ಎಂದು ಬರೆದಿಟ್ಟೇ ಪುಣ್ಯಾತ್ಮ ಕಣ್ಣು ಮುಚ್ಚಿದ್ದರು. ತಮ್ಮ ಮದುವೆಯಾದ ವರ್ಷ ಅವರು ಮೂವತ್ತು ಕಿಲೋದ ಮಲ್ಲೊವೇ ಎಳೆದು ಹಾಕಿದ, ದಡದಂಚಿನ ಆಳದ ಕಡಲಗುಂಡಿಯೊಂದು ಕೂರಾಂಗ್‌ನಲ್ಲಿದೆ. ತಮ್ಮನ್ನು ಅಲ್ಲೇ ಬಿಡಬೇಕೆಂದು ಆಸ್ಪತ್ರೆಯ ಹಾಸಿಗೆಯಲ್ಲಿ ಅತ್ತೆಯ ಕೈಯಿಂದ ಭಾಷೆ ತೆಗೆದುಕೊಂಡಿದ್ದರು. ಅತ್ತೆಗೆ ಬಿಡಲು ಮನಸ್ಸಾಗದೆ ಒಂಬತ್ತು ತಿಂಗಳು ಆ ಬಕೆಟ್ಟು ಟಿವಿ ಎದುರಿನ ಅವರ ಕುರ್ಚಿಯಲ್ಲೇ ಕೂತಿತ್ತು.

"ಈಗ ಹೇಗೋ ಮನಸ್ಸು ಗಟ್ಟಿ ಮಾಡ್ಕೊಂಡಿದೀನಿ ನೆವಿಲ್," ಎಂದರು ಅತ್ತೆ. "ಮತ್ತೆ ಕರಗೋದ್ರೊಳಗೆ ಕರ್ಕೊಂಡು ಹೋಗಿಬಿಡು. ಆ ಗುಂಡಿಗೇ ಬಿಡ್ಬೇಕು. ಮಾತು ಕೊಟ್ಟಿದೀನಿ."

"ನಾನಿರುವಾಗ ನಿಮಗ್ಯಾಕೆ ಯೋಚನೆ ಅತ್ತೆ!" ಎಂದೆ. ಆ ವಾಕ್ಯವನ್ನು ನೆನೆದರೆ ಇಂದಿಗೂ ಕಿವಿ ಬಿಸಿಯಾಗುತ್ತದೆ.

ಮೀನುಗಳನ್ನು ಹತ್ತಿರ ಕರೆಯಲು ನೀರಿಗೆ ಎರಚುವ ಎರೆಯನ್ನೂ ಒಯ್ದಿದ್ದೆವು. ತವುಡು, ಮೀನೆಣ್ಣೆ, ಜಜ್ಜಿದ ಬೂತಾಯಿ ಮೀನು. ಮೂರು ದಿನ ಬಿಸಿಲಲ್ಲಿ ಹದವಾದ ಮಾಲು. ಅದನ್ನು ತುಂಬಿದ್ದು ಅದೇ ಶೆಡ್ಡಿನ, ಅದೇ ಅಳತೆಯ, ಅದೇ ಬಿಳಿ ಬಕೆಟ್ಟಿಗೆ. ಗುರುತಿಗಿರಲಿ ಎಂದು ಅತ್ತೆ ಮಾವನವರ ಬಕೆಟ್ಟಿನ ಹಿಡಿಗೆ ನೀಲಿ ಉಣ್ಣೆಯ ದಾರ ಸುತ್ತಿದ್ದರು. ಕಾರಿನ ತಲೆಯ ಮೇಲೆ ಗಾಳದ ಕೋಲುಗಳನ್ನು ಕಟ್ಟುವಾಗ ನನಗೆ ಒಂದು ಗೇಣು ದಾರ ಸಾಲದೆ ಬಂತು. ಆಮೇಲೆ ಕಟ್ಟಿದರಾಯಿತು ಎಂದು ಆ ಉಣ್ಣೆಯನ್ನು ಬಿಚ್ಚಿಕೊಂಡೆ. ಯಾರಿಗೂ ಹೇಳಲಿಲ್ಲ.

ರಸ್ತೆ ಮುಗಿದು ಮರಳು ಶುರುವಾಗುವ ಕಡೆ ಐದಾರು ಗಾಡಿಗಳು ನಿಂತಿದ್ದವು. ಗಂಡಸರು, ಹೆಂಗಸರು ಎಲ್ಲರೂ ತಂತಮ್ಮ ಚಕ್ರದ ಮುಂದೆ ಭಕ್ತಿಯಿಂದ ಮಂಡಿಯೂರಿ ಗಾಳಿ ಇಳಿಸುತ್ತಿದ್ದರು. ನಾನು ಹಾರ್ನ್ ಮಾಡಿ ಮುಂದೆ ಹೋದೆ.

"ಗಾಳಿ ಇಳಿಸಲ್ವಾ?" ಎಂದಳು ರೊಂಡಾ.

"ಇದು ಹೊಸ ಗಾಡಿ ಕಣೇ! ಈ ನಾಬ್ ತಿರುಗಿಸಿದ್ರೆ ಮರಳು ಅಂತ ಅದಕ್ಕೇ ಗೊತ್ತಾಗತ್ತೆ. ಗಾಳಿ ಇಳಿಸೋದೆಲ್ಲ ನಿಮ್ಮಪ್ಪನ ಕಾಲದ ಕಥೆ."

"ಹದಿನೆಂಟು ಪೌಂಡ್ ಅಂತಿದ್ರು," ಹಿಂದಿನ ಸೀಟಿನಿಂದ ಅತ್ತೆ ಮೆಲ್ಲಗೆ ಹೇಳಿದರು. "ಮೆತ್ತಗಿರೋ ಚಕ್ರ ಮರಳಿನ ಮೇಲೆ ತೇಲತ್ತೆ, ಬಿಗಿದಿರೋದು ಅಗೆಯತ್ತೆ ಅಂತಿದ್ರು."

ಅಂತಿದ್ದರೇ? ಇಪ್ಪತ್ತೆರಡು ವರ್ಷ ತಲೆ ತಿಂದಿದ್ದರು! ಮದುವೆಯ ಊಟದಲ್ಲೂ ನನ್ನ ಹೆಗಲ ಮೇಲೆ ಕೈಹಾಕಿ ಅವರು ಹೇಳಿದ್ದು "ಸುಖವಾಗಿರಿ" ಎಂದಲ್ಲ, "ಹದಿನೆಂಟು, ಮರೀಬೇಡ" ಎಂದು. ಈಗ ಅವರು ಬಕೆಟ್ಟಿನಲ್ಲಿದ್ದಾರೆ, ಎದುರು ಮಾತಾಡುವಂತಿಲ್ಲ. ಇಂಥ ಅವಕಾಶ ಅಳಿಯನಾದವನಿಗೆ ಜೀವನದಲ್ಲಿ ಒಮ್ಮೆ ಮಾತ್ರ! ಮೂವತ್ತೆಂಟು ಪೌಂಡ್ ಗಾಳಿಯೊಂದಿಗೆ ಮರಳಿಗೆ ಇಳಿದೆ.

ನಾಲ್ಕು ಕಿಲೋಮೀಟರು ಸಾಗಿದೆವು. ಆಮೇಲೆ ಗಾಡಿ ಒಮ್ಮೆ ನರಳಿ, ಹೊಟ್ಟೆಯವರೆಗೆ ಮರಳಿನಲ್ಲಿ ಕೂತುಬಿಟ್ಟಿತು. ಗುಂಡಿಗೆ ಇನ್ನೂ ಆರು ಕಿಲೋಮೀಟರು. ಎಡಕ್ಕೆ ದಿಬ್ಬ, ಬಲಕ್ಕೆ ಸಮುದ್ರ. ಸಮುದ್ರ ಹತ್ತಿರವಿತ್ತು, ಇನ್ನೂ ಹತ್ತಿರ ಬರುತ್ತಿತ್ತು.

"ಸಲಿಕೆ ಎಲ್ಲಿ?" ಎಂದಳು ರೊಂಡಾ.

"ಹೊಸ ಗಾಡಿಗೆ ಸಲಿಕೆ ಯಾಕೆ ಅಂತ..."

ಅವಳು ಮೊಟ್ಟೆ ಹುರಿಯುವ ಬಾಣಲೆಯನ್ನು ತಂದು ನನ್ನ ಕೈಗಿಟ್ಟಳು. ಎರಡು ಗಂಟೆ ಬಾಣಲೆಯಲ್ಲಿ ಅಗೆದೆ. ಒಂದು ಬಾಣಲೆ ಮರಳು ತೆಗೆದರೆ ಅಲೆ ಎರಡು ಬಾಣಲೆ ತಂದು ಹಾಕುತ್ತಿತ್ತು. ಕೊನೆಗೊಂದು ಅಲೆ ಬಾಗಿಲಿಗೇ ಬಂದು ಬಡಿಯಿತು.

"ಗಾಡಿ ಹಾಳಾಗ್ಲಿ, ಅಪ್ಪನ್ನ ತೆಗಿ!" ಎಂದು ರೊಂಡಾ ಕೂಗಿ ಅತ್ತೆಯ ಕೈಹಿಡಿದು ದಿಬ್ಬ ಹತ್ತಿಸಿದಳು. ನಾನು ಸೊಂಟದುದ್ದ ನೀರಿನಲ್ಲಿ ನುಗ್ಗಿ ಸಾಮಾನು ಹೊತ್ತೆ. ಎಲ್ಲಕ್ಕಿಂತ ಮೊದಲು ಬಿಳಿ ಬಕೆಟ್ಟು! ಆಮೇಲೆ ಡೇರೆ, ಕಂಬಳಿ, ಗಾಳದ ಕೋಲುಗಳು. ಮತ್ತೆ ಇಳಿಯುವಷ್ಟರಲ್ಲಿ ನೀರು ಕಿಟಕಿ ದಾಟಿತ್ತು. ಹೋದರೆ ಹೋಗಲಿ, ಉಳಿದದ್ದು ಬರೀ ಎರೆ ತಾನೆ ಎಂದುಕೊಂಡೆ. ಗಾಡಿ ಮುಳುಗಿದರೂ ಮಾವನನ್ನು ಉಳಿಸಿದೆನಲ್ಲ ಎಂಬ ಹೆಮ್ಮೆಯಿಂದ ಬಕೆಟ್ಟನ್ನು ಅತ್ತೆಯ ಮಡಿಲಿಗಿಟ್ಟೆ.

"ನೀಲಿ ದಾರ ಎಲ್ಲಿ?" ಎಂದರು ಅತ್ತೆ.

ಅವರು ಮುಚ್ಚಳ ತೆರೆದರು. ಮೂರು ದಿನದ ಬೂತಾಯಿಯ ವಾಸನೆ ಗುಪ್ಪೆಂದು ಎದ್ದಿತು. ಕೆಳಗೆ ನಮ್ಮ ಗಾಡಿಯ ತಲೆ ಮಾತ್ರ ಕಾಣುತ್ತಿತ್ತು, ಅದರ ಮೇಲೆ ನೀಲಿ ಉಣ್ಣೆಯ ತುಂಡು ಇನ್ನೂ ಅಂಟಿಕೊಂಡಿತ್ತು.

ನಾನು ಕೂಗುತ್ತಾ ನೀರಿಗೆ ಓಡಿದೆ. ರೊಂಡಾ ಅಂಗಿಯ ಕೊರಳಪಟ್ಟಿ ಹಿಡಿದು ಹಿಂದಕ್ಕೆಳೆದಳು. "ಇವತ್ತಿಗೆ ಒಬ್ಬರು ಹೋಗಿದ್ದು ಸಾಕು, ಮಹಾರಾಯ!" ಎಂದವಳು ಅಲ್ಲೇ ಕುಸಿದು ಅತ್ತಳು. ನಾನೂ ಅತ್ತುಬಿಟ್ಟೆ. ಅವಳಪ್ಪ ನನ್ನಿಂದಾಗಿ ಎರಡನೆಯ ಸಲ ಸತ್ತ ಹಾಗೆ ಅನ್ನಿಸಿತು. ಡಲ್ಸಿ ಮಾತ್ರ ಬಕೆಟ್ಟನ್ನು ತಬ್ಬಿಕೊಂಡು ಕಡಲನ್ನೇ ನೋಡುತ್ತಾ ಕೂತಿದ್ದರು. ಅವರು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮರುದಿನ ಬೆಳಿಗ್ಗೆ ನೀರು ಇಳಿದಾಗ, ಕಪ್ಪೆಚಿಪ್ಪು ಹೆಕ್ಕುವ ಮುದುಕನೊಬ್ಬ ತನ್ನ ಟ್ರ್ಯಾಕ್ಟರಿನಲ್ಲಿ ಬಂದ. ಹಗ್ಗ ಬಿಗಿಯುವ ಮೊದಲು ಅವನು ಕೇಳಿದ್ದು ಒಂದೇ ಪ್ರಶ್ನೆ.

"ಗಾಳಿ ಎಷ್ಟಿತ್ತು?"

"ಇಪ್ಪತ್ತು..." ಎಂದೆ.

"ಮೂವತ್ತೆಂಟು," ಎಂದಳು ರೊಂಡಾ.

ಮುದುಕ ಟೋಪಿ ತೆಗೆದು ಎದೆಗೊತ್ತಿಕೊಂಡ. ಸಾವಿನ ಮನೆಯಲ್ಲೂ ನನಗೆ ಅಷ್ಟು ಮರುಕ ಸಿಕ್ಕಿರಲಿಲ್ಲ.

ಗಾಡಿಯ ಬಾಗಿಲು ತೆರೆದರೆ ಒಳಗೆಲ್ಲ ಮರಳು. ಮಾವನವರ ಬಕೆಟ್ಟು ಅಡ್ಡ ಬಿದ್ದಿತ್ತು. ಮುಚ್ಚಳ ಇರಲಿಲ್ಲ, ಒಳಗೆ ತೊಳೆದಿಟ್ಟಷ್ಟು ಸ್ವಚ್ಛ. ನಾನು ಅತ್ತೆಯ ಮುಂದೆ ಮಂಡಿಯೂರಿದೆ. ನಿನ್ನೆ ಚಕ್ರದ ಮುಂದೆ ಊರಬೇಕಿದ್ದ ಮಂಡಿ.

"ತಪ್ಪಾಯ್ತು ಅತ್ತೆ. ನಿಮ್ಮ ಮಾತು ನಾನು ನಡೆಸಿಕೊಡ್ಲಿಲ್ಲ."

"ಗುಂಡಿ ಆರು ಕಿಲೋಮೀಟರು ಅಂದೆಯಲ್ಲ? ಹೋಗ್ಲಿ ಬಿಡು. ಅವರಿಗೆ ಈಜು ಬರತ್ತೆ," ಎಂದರು ಅತ್ತೆ. "ಆದ್ರೆ ನನ್ನ ಕೈಯಾರೆ ಏನೂ ಬಿಡ್ಲಿಲ್ಲವಲ್ಲಪ್ಪ. ಆ ಎರೆ ಬಕೆಟ್ ಇತ್ಲಾಗೆ ಕೊಡು."

ಎಂಬತ್ತೊಂದರ ಹೆಂಗಸು ಅಲೆಯಂಚಿಗೆ ನಡೆದು, ಅರವತ್ತು ವರ್ಷದ ಸಂಸಾರಕ್ಕೆ ಕೊಳೆತ ಬೂತಾಯಿಯಲ್ಲಿ ಹಿಡಿ ಹಿಡಿಯಾಗಿ ವಿದಾಯ ಹೇಳಿದರು. "ತಿನ್ನಿ, ಚೆನ್ನಾಗಿ ತಿನ್ನಿ" ಎನ್ನುತ್ತಿದ್ದರು. ರೊಂಡಾ ಅವರ ಬೆನ್ನಿಗೆ ಕೈಯಿಟ್ಟು ನಿಂತಿದ್ದಳು. ಬಕೆಟ್ಟು ಖಾಲಿಯಾದಾಗ ಅತ್ತೆ ನನ್ನ ಕಡೆ ತಿರುಗಿದರು.

"ನೋಡ್ತಾ ನಿಂತಿದೀಯಲ್ಲ, ಗಾಳ ಹಾಕು! ಇಷ್ಟು ಎರೆ ಚೆಲ್ಲಿ ಗಾಳ ಹಾಕದೇ ಇದ್ರೆ ಅವರ ಜೀವಕ್ಕೆ ಸಮಾಧಾನ ಇರಲ್ಲ."

ಹಾಕಿದೆ. ಐದು ನಿಮಿಷಕ್ಕೆ ಕೋಲು ಬಿಲ್ಲಾಯಿತು! ಅರ್ಧ ಗಂಟೆ ಹೆಣಗಾಡಿ ಎಳೆದು ತಂದೆ. ನನ್ನ ಸೊಂಟದೆತ್ತರದ ಮಲ್ಲೊವೇ, ಬೆಳ್ಳಿಯ ಮೈ! ಟ್ರ್ಯಾಕ್ಟರಿನ ಮುದುಕ ಶಿಳ್ಳೆ ಹಾಕಿದ. "ಫೋಟೋ ತೆಗಿ ರೊಂಡಾ, ಬೇಗ!" ಎಂದು ಅದನ್ನು ತಬ್ಬಿಕೊಂಡು ನಿಂತೆ.

ಅತ್ತೆ ಹತ್ತಿರ ಬಂದು ಬಗ್ಗಿ ಮೀನಿನ ಮುಖವನ್ನೇ ನೋಡಿದರು. ಜೋತುಬಿದ್ದ ಕೆಳತುಟಿ, ಯಾರ ಮೇಲೋ ಸಿಟ್ಟಾದಂಥ ಕಣ್ಣು.

"ಬಿಟ್ಟುಬಿಡು," ಎಂದರು.

"ಅತ್ತೆ! ಇಪ್ಪತ್ತೆರಡು ವರ್ಷ ಆದ್ಮೇಲೆ..."

"ಬಿಡು ಅಂದ್ನಲ್ಲ! ಮೂವತ್ತೆಂಟು ಪೌಂಡ್ ಗಾಳಿ ಇಟ್ಕೊಂಡು ಮರಳಿಗೆ ಇಳಿದೋನ ಕೈಗೆ ನಿಮ್ಮ ಮಾವ ಸಿಕ್ಕಿಬಿದ್ರು ಅಂತ ಊರಲ್ಲಿ ಗೊತ್ತಾದ್ರೆ, ಅವರ ಮರ್ಯಾದೆ ಏನಾಗ್ಬೇಕು?"

ಮೊಣಕಾಲುದ್ದ ನೀರಿಗಿಳಿದು, ಬಗ್ಗಿ ಕೈ ಸಡಿಲಿಸಿದೆ. ಮೀನು ಒಂದು ಗಳಿಗೆ ಅಲ್ಲೇ ನಿಂತಿತು. ಆಮೇಲೆ ಬಾಲ ಬೀಸಿ ನನ್ನ ಕೆನ್ನೆಗೆ ಛಟೀರನೆ ಒಂದು ಬಾರಿಸಿ ಹೊರಟುಹೋಯಿತು.

"ಅನುಮಾನವೇ ಇಲ್ಲ," ಎಂದರು ಅತ್ತೆ, ಒಂಬತ್ತು ತಿಂಗಳಲ್ಲಿ ಮೊದಲ ಸಲ ನಗುತ್ತಾ. "ಅವರೇ."